ನುಸಿ ಹಿಡಿದ ಜೋಳ

ಡೊಂಬಿವಲಿಯಿಂದ ಠಾಣೆಗೆ ಹೋಗುವ ಬೆಳಗಿನ ಲೋಕಲ್ ಗಾಡಿಯಲ್ಲಿ ಮನುಷ್ಯನೊಬ್ಬ ತನ್ನ ಎರಡೂ ಪಾದಗಳನ್ನು ಒಟ್ಟಿಗೆ ನೆಲಕ್ಕೂರಿ ನಿಲ್ಲುವುದು ಪೂರ್ವಜನ್ಮದ ಪುಣ್ಯವಿದ್ದರೆ ಮಾತ್ರ. ಊರು ಬಿಟ್ಟು ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ನನಗೆ ಆ ಭಾಗ್ಯ ಒದಗಿತು. ಕಾರಣ, ನನ್ನ ಕೈಯಲ್ಲಿದ್ದ ಬಿಸ್ಕೀಟಿನ ತಗಡಿನ ಡಬ್ಬಿ. ಅದರ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದೆ. ಎದೆಗೆ ಎದೆ ಹಚ್ಚಿ ನಿಂತಿದ್ದ ಗೃಹಸ್ಥರೊಬ್ಬರು ಒಳಗೇನಿದೆಯೆಂದು ಮರಾಠಿಯಲ್ಲಿ ಕೇಳಿದರು. ನನಗೆ ಆಗ ಬರುತ್ತಿದ್ದ ಇಪ್ಪತ್ತು ಮರಾಠಿ ಶಬ್ದಗಳಲ್ಲಿ ಸುದೈವದಿಂದ ಇದೂ ಒಂದಿತ್ತು.

"ಝುರಳ," ಅಂದೆ. ಎಂದರೆ ಜಿರಳೆ.

"ಜಿವಂತ?"

"ಹೋ. ಚಾಳೀಸ್." ಹೌದು, ನಲವತ್ತು.

ಮುಂಬ್ರಾ ಸ್ಟೇಷನ್ ಬರುವಷ್ಟರಲ್ಲಿ ನನ್ನ ಸುತ್ತ ಚಾಪೆ ಹಾಸಿ ಮಲಗುವಷ್ಟು ಜಾಗವಾಗಿತ್ತು. ಈ ಪ್ರದೇಶದಲ್ಲಿ ನನಗೆ ಯಾರಾದರೂ ಮನಃಪೂರ್ವಕ ಜಾಗ ಬಿಟ್ಟುಕೊಟ್ಟದ್ದು ಅದೇ ಮೊದಲು.

ಠಾಣೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಎಂಬ ಪದವಿ ನನ್ನದು. ಪಾಠ ಹೇಳುವವರು ಪ್ರೊಫೆಸರು. ಜಿರಳೆ ಹೊಂದಿಸುವವನು ನಾನು. ಹುಡುಗರು ಅದನ್ನು ಮೇಣದ ತಟ್ಟೆಯ ಮೇಲೆ ಬೋರಲು ಮಲಗಿಸಿ, ಗುಂಡುಸೂಜಿ ಚುಚ್ಚಿ, ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ ಗುರುತಿಸುತ್ತಿದ್ದರು. ಕೀಟಕ್ಕೆ ಒಳಗೆ ಎಲುಬಿಲ್ಲ, ಮೈಮೇಲಿನ ಚಿಪ್ಪೇ ಎಲುಬು. ಬೆಳೆಯಬೇಕೆಂದರೆ ಆ ಚಿಪ್ಪನ್ನು ಒಡೆದು ಹೊರಬರಬೇಕು. ಹೊಸದು ಗಟ್ಟಿಯಾಗುವವರೆಗೆ ಮೈ ಮೆತ್ತಗಿರುತ್ತದೆ, ಯಾರು ಬೇಕಾದರೂ ತಿಂದುಹಾಕಬಹುದು. ಈ ಪಾಠವನ್ನು ಧಾರವಾಡದಲ್ಲಿ ಓದಿ ಪಾಸಾಗಿದ್ದೆ. ಅರ್ಥವಾದದ್ದು ಡೊಂಬಿವಲಿಯಲ್ಲಿ.

ನಮ್ಮದು ಸಾಲು ಕೋಣೆಗಳ ಚಾಳಿನ ಎರಡನೆಯ ಮಾಳಿಗೆಯ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಅಡುಗೆ, ಮತ್ತು ಮೋರಿ, ಅಂದರೆ ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಇರುವ ಒಂದೇ ಮೂಲೆ. ನನ್ನ ಜಿರಳೆಗಳೆಲ್ಲ ಅಲ್ಲಿನವೇ. ಗದಗ ಕಡೆಯ ನಮ್ಮ ಮನೆಯಲ್ಲಿ ದನ ಕಟ್ಟುವ ಜಾಗ ಇದಕ್ಕಿಂತ ದೊಡ್ಡದಿತ್ತು ಎಂದು ನನ್ನ ಹೆಂಡತಿ ಶಾಂತಾ ಮೊದಲ ದಿನ ಹೇಳಿದಳು. ಆಮೇಲೆ ಹೇಳಲಿಲ್ಲ.

ನೆರೆಯವರು ವರ್ಗೀಕರಣದಲ್ಲಿ ನನಗಿಂತ ಚುರುಕು. ನಾವು ಕನ್ನಡದವರೆಂದು ತಿಳಿದ ಕೂಡಲೇ ನಮ್ಮನ್ನು 'ಅಣ್ಣಾ' ಎಂಬ ಗಣಕ್ಕೆ ಸೇರಿಸಿ, ನಿಮ್ಮವರ ಹೋಟೆಲು ಎಲ್ಲಿದೆ ಎಂದು ಶಾಂತಾಳನ್ನು ಕೇಳಿದರು. ಹೋಟೆಲಿನವರು ಸಮುದ್ರದ ಕಡೆಯವರು, ಮನೆಯಲ್ಲಿ ತುಳು ಆಡುವವರು. ನಾವು ಬಯಲುಸೀಮೆಯ ರೊಟ್ಟಿಯವರು ಎಂಬ ಉಪಗಣದ ಭೇದವನ್ನು ಅವಳು ತಿಳಿಹೇಳಲು ನೋಡಿದಳು. ಇಡ್ಲಿ ಹಿಟ್ಟು ಕೇಳಿಕೊಂಡು ಬಟ್ಟಲು ಬರುವುದು ಮಾತ್ರ ನಿಲ್ಲಲಿಲ್ಲ. ಕಡೆಗೆ ಅವಳೇ ಇಡ್ಲಿ ಮಾಡುವುದನ್ನು ಕಲಿತಳು.

ರೊಟ್ಟಿಯ ವಿಷಯದಲ್ಲಿ ಮಾತ್ರ ಅವಳು ಬಗ್ಗಲಿಲ್ಲ. ಇಲ್ಲಿಯೂ ಜೋಳ ಸಿಗುತ್ತದೆ, ರೊಟ್ಟಿಗೆ ಭಾಕ್ರಿ ಎನ್ನುತ್ತಾರೆ. ಆದರೆ ಅಂಗಡಿಯ ಜೋಳದ ಹಿಟ್ಟಿಗೆ ಜಿಗುಟಿಲ್ಲ, ತಟ್ಟಿದರೆ ಅಂಚು ಒಡೆಯುತ್ತದೆ ಎಂಬುದು ಅವಳ ತಕರಾರು. ಅದಕ್ಕಾಗಿ ಪ್ರತಿ ಸುಗ್ಗಿಯಾದ ಮೇಲೆ ಅವಳ ತಾಯಿ ಒಂದು ಚೀಲ ಬಿಳಿಜೋಳ ಕಳಿಸುತ್ತಿದ್ದರು. ಕಾಳು ಕಾಳನ್ನೂ ತಾವೇ ಕೈಯಾಡಿಸಿ ಹಸನು ಮಾಡಿ, ನಡುನಡುವೆ ಬೇವಿನ ಎಲೆ ಹಾಕಿ, ಬಾಯಿ ಹೊಲಿದು, ಭಿವಂಡಿಯ ಮಗ್ಗಗಳಿಗೆ ನೂಲು ತರುವ ಊರಿನ ಲಾರಿಯಲ್ಲಿ ಹಾಕಿಸುತ್ತಿದ್ದರು. ನಾನು ಆ ಲಾರಿ ನಿಲ್ಲುವ ಕಲ್ಯಾಣಕ್ಕೆ ಹೋಗಿ ಅದನ್ನು ಹೆಗಲಮೇಲೆ ಹೊತ್ತು ತರುತ್ತಿದ್ದೆ. ಶಾಂತಾ ಚೀಲ ಬಿಚ್ಚಿದವಳೇ ಮೊದಲು ಮುಖ ಒಳಗಿಟ್ಟು ಉಸಿರೆಳೆಯುತ್ತಿದ್ದಳು. ಅವತ್ತೊಂದು ದಿನ ಅವಳು ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲ.

ಆರನೆಯ ವರ್ಷ ಚೀಲ ಬಂದು ಎರಡು ತಿಂಗಳಿಗೆ ತಂತಿ ಬಂತು. ಇಲ್ಲೇ ಹುಟ್ಟಿದ ಮಗಳನ್ನು ಎತ್ತಿಕೊಂಡು ನಾವು ಊರು ಮುಟ್ಟುವಷ್ಟರಲ್ಲಿ ಅತ್ತೆಯನ್ನು ಮಣ್ಣು ಮಾಡಿ ಆಗಿತ್ತು. ತಿರುಗಿ ಬಂದ ಮೇಲೆ ಶಾಂತಾ ಆ ಚೀಲದ ಜೋಳವನ್ನು ಸ್ವಲ್ಪ ಸ್ವಲ್ಪವೇ ಬೀಸಿಸಿದಳು. ಒಂದು ಡಬ್ಬಿಯಷ್ಟು ಉಳಿದಾಗ ನಿಲ್ಲಿಸಿ, ಅಂಗಡಿಯ ಜೋಳ ತರತೊಡಗಿದಳು. ಡಬ್ಬಿ ಹಲಗೆಯ ಮೇಲೆ ಕುಳಿತಿತ್ತು.

ಮಳೆಗಾಲ ಬಂತು. ಕೀಟಗಳ ಬಾಯಿಯ ರಚನೆ ಕುರಿತ ಪ್ರಾಕ್ಟಿಕಲ್ಲು ಎದುರಿಗಿತ್ತು. ಗಟ್ಟಿರೆಕ್ಕೆಯ ಗಣದ, ಅಂದರೆ ದುಂಬಿ ಜಾತಿಯ, ಮಾದರಿಗಳೇ ಇಲ್ಲ. ಶಾಂತಾ ನೀರಿನ ಸಾಲಿನಲ್ಲಿ ನಿಂತಿದ್ದ ಒಂದು ಬೆಳಿಗ್ಗೆ ಬೆಂಕಿಪೆಟ್ಟಿಗೆ ಹುಡುಕುತ್ತ ಆ ಡಬ್ಬಿ ತೆರೆದೆ. ಕಾಳಿನ ಮೇಲೆಲ್ಲ ನುಸಿ. ಎಳ್ಳಿನಷ್ಟು ಮೈ, ಕಂದು ಬಣ್ಣ, ಮುಂದೆ ಆನೆಯದರಂಥ ಸೊಂಡಿಲು, ಆ ಸೊಂಡಿಲ ತುದಿಗೆ ದವಡೆ. ಹೆಣ್ಣು ಆ ಸೊಂಡಿಲಿನಿಂದ ಕಾಳನ್ನು ಕೊರೆದು, ತೂತಿನಲ್ಲಿ ತತ್ತಿಯಿಟ್ಟು, ಬಾಯಿಯನ್ನು ಅಂಟಿನಿಂದ ಮುಚ್ಚಿ ಹೋಗುತ್ತದೆ. ಮರಿ ಒಳಗೇ ಹುಟ್ಟಿ, ಮನೆಯನ್ನೇ ತಿಂದು ಬೆಳೆದು, ದುಂಡಗೆ ಬಾಗಿಲು ಕೊರೆದು ಹೊರಬರುತ್ತದೆ. ವಿದ್ಯಾರ್ಥಿಗೊಂದರಂತೆ ಹಂಚಿದರೂ ಮಿಗುವಷ್ಟಿದ್ದವು. ಶಾಸ್ತ್ರಜ್ಞನ ಆನಂದದಲ್ಲಿ ಡಬ್ಬಿಯನ್ನೇ ಬಗಲಲ್ಲಿಟ್ಟುಕೊಂಡು ಗಾಡಿ ಹಿಡಿದೆ.

ಪ್ರಾಕ್ಟಿಕಲ್ಲು ಅದ್ಭುತವಾಗಿ ಆಯಿತು. ಹುಡುಗರು ನುಸಿಗಳನ್ನು ಸ್ಪಿರಿಟಿನಲ್ಲಿ ಮುಳುಗಿಸಿದರು. ಉಳಿದ ಜೋಳವನ್ನು ನಮ್ಮ ಪ್ಯೂನ್ ಗಣಪತ ಕಾಲೇಜಿನ ಮಾಳಿಗೆಯ ಮೇಲೆ ಪಾರಿವಾಳಗಳಿಗೆ ಚೆಲ್ಲಿದ. ನಾನು ಡಬ್ಬಿಯನ್ನು ಸಾಬೂನು ಹಚ್ಚಿ ತೊಳೆದು, ಒರೆಸಿ, ಹೆಂಡತಿಗೊಂದು ಉಪಕಾರ ಮಾಡಿದವನ ಗತ್ತಿನಲ್ಲಿ ಮನೆಗೆ ತಂದೆ.

ಶಾಂತಾ ಡಬ್ಬಿ ಇಸಿದುಕೊಂಡು, ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದಳು.

"ಜ್ವಾಳ ಎಲ್ಲಿ ರೀ?"

"ನುಸಿ ಹತ್ತಿದ್ವು. ಕಾಲೇಜಿಗೆ ಒಯ್ದೆ. ಹುಡುಗರಿಗೆ ಭಾಳ ಉಪಯೋಗ ಆತು."

"ನುಸಿ ಹತ್ತಿದ್ದು ನನಗ ಗೊತ್ತಿತ್ತು."

"ಮತ್ತ ಹೇಳಬಾರದಿತ್ತೇನು?"

"ಏನಂತ ಹೇಳ್ಲಿ? ದಿನಾ ಮಧ್ಯಾಹ್ನ ಡಬ್ಬಿಗೆ ಕಿವಿ ಇಡತಿದ್ದೆ. ಒಳಗ ಕರಕರ ಅಂತಿತ್ತು. ಅವ್ವ ಮುಟ್ಟಿದ್ದರಾಗ ಜೀವ ಉಳಿದಿದ್ದು ಅದೊಂದ ಇತ್ತು ನೋಡ್ರಿ."

ಅಷ್ಟು ಹೇಳಿ ಖಾಲಿ ಡಬ್ಬಿಯನ್ನು ಹಲಗೆಯ ಮೇಲೆ ಅದರ ಜಾಗದಲ್ಲೇ ಇಟ್ಟಳು. ಬೈದಿದ್ದರೆ ಅರಗಿಸಿಕೊಳ್ಳುತ್ತಿದ್ದೆ, ಆದರೆ ಊಟ ಬಡಿಸಿದಳು. ಮಿಡತೆಗೆ ಕಿವಿ ಹೊಟ್ಟೆಯ ಪಕ್ಕದಲ್ಲಿದೆ, ಗಂಡುಸೊಳ್ಳೆ ಕೇಳುವುದು ಮೀಸೆಯಿಂದ ಎಂದು ವರ್ಷವರ್ಷವೂ ಹುಡುಗರಿಗೆ ತೋರಿಸಿಕೊಟ್ಟವನಿಗೆ, ಒಂದೂವರೆ ಕೋಣೆಯ ಮನೆಯಲ್ಲಿ ಒಬ್ಬಳ ಕಿವಿ ಎಲ್ಲಿರುತ್ತದೆಂದು ಗೊತ್ತಿರಲಿಲ್ಲ.

ಮರುದಿನ ಮೊದಲ ಗಾಡಿಗೆ ಹೋಗಿ ಮಾಳಿಗೆ ಹತ್ತಿದೆ. ಪಾರಿವಾಳಗಳು ತಮ್ಮ ಕರ್ತವ್ಯ ಮುಗಿಸಿದ್ದವು. ಮಳೆ ಉಳಿದದ್ದನ್ನು ತೊಳೆದಿತ್ತು. ಪ್ರಯೋಗಾಲಯದ ಮೇಜು, ಖಾನೆ, ನೆಲ ಎಲ್ಲ ಹುಡುಕಿದೆ. ಗಣಪತ ಏನು ಕಳೆದುಹೋಯಿತೆಂದು ಕೇಳಿದ. ಜೋಳ ಎಂದೆ. ಅವನು ಒಮ್ಮೆ ನನ್ನನ್ನು ನೋಡಿ, ಬಗ್ಗಿ ತಾನೂ ಹುಡುಕತೊಡಗಿದ. ಬೆಂಚಿನ ಸಂದಿಗಳಲ್ಲಿ ಏಳು ಕಾಳು ಸಿಕ್ಕವು. ಗಾಜಿನ ಕೊಳವೆಯಲ್ಲಿ ಹಾಕಿ, ಹತ್ತಿಯಿಂದ ಬಾಯಿ ಮುಚ್ಚಿ ಮನೆಗೆ ತಂದೆ. ಶಾಂತಾ ಅದನ್ನು ಬೆಳಕಿಗೆ ಹಿಡಿದು ನೋಡಿ ದೇವರ ಗೂಡಿನಲ್ಲಿಟ್ಟಳು.

ಹತ್ತು ದಿನಕ್ಕೆ ಒಂದು ಕಾಳಿನಿಂದ ಒಂದು ನುಸಿ ಹೊರಬಂತು. ಬೇರೆ ಯಾವುದರಿಂದಲೂ ಬರಲಿಲ್ಲ. ಅದು ಕೊಳವೆಯಲ್ಲಿ ಇಡೀ ಶ್ರಾವಣ ಮೇಲೆ ಕೆಳಗೆ ಓಡಾಡಿ, ಗಣೇಶನ ಹಬ್ಬದ ಹೊತ್ತಿಗೆ ಕಾಲು ಮಡಿಚಿತು.

"ಚೆಲ್ಲಬ್ಯಾಡ್ರಿ," ಅಂದಳು ಶಾಂತಾ. "ನಿಮ್ಮ ಕಾಲೇಜಿನ ಹುಳದ ಪೆಟ್ಟಿಗಿಯೊಳಗ ಇಡ್ರಿ. ಅಲ್ಲಿ ಕೆಡೂದಿಲ್ಲಲ್ಲ?"

ಕೀಟದ ಪೆಟ್ಟಿಗೆಗೊಂದು ಶಾಸ್ತ್ರವಿದೆ. ನುಸಿಯಂಥ ಸಣ್ಣದಕ್ಕೆ ಸೂಜಿ ಚುಚ್ಚಲಾಗದು. ಕಾಗದದ ತ್ರಿಕೋನದ ತುದಿಗೆ ಅಂಟಿಸಿ, ಆ ಕಾಗದಕ್ಕೆ ಸೂಜಿ ಚುಚ್ಚಬೇಕು. ಅದೇ ಸೂಜಿಗೆ ಕೆಳಗೊಂದು ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು, ಯಾರು ಹಿಡಿದರು. ಚೀಟಿಯಿಲ್ಲದ ಕೀಟ ಎಷ್ಟೇ ಚೆಂದವಿದ್ದರೂ ಕಸ. ಎಲ್ಲಿ ಹುಟ್ಟಿತೆಂದು ಶಾಸ್ತ್ರ ಕೇಳುವುದಿಲ್ಲ, ಎಲ್ಲಿ ಸಿಕ್ಕಿತೆಂದಷ್ಟೇ ಕೇಳುತ್ತದೆ. ಇಂಗ್ಲಿಷಿನಲ್ಲಿ ಡೊಂಬಿವಲಿ ಎಂದು ಬರೆದೆ.

"ಅದು ನಮ್ಮೂರಿಂದು," ಅಂದಳು. "ಒಳಗ ಕುಂತು ಬಂದೈತಿ, ಅಷ್ಟ."

ನಿಜವಾಗಿ ಅದು ಬಂದದ್ದಲ್ಲ. ನುಸಿಯ ಒಂದು ತಲೆಮಾರಿಗೆ ತಿಂಗಳ ಮೇಲೆ ಸ್ವಲ್ಪ ಸಾಕು. ಚೀಲದೊಳಗೆ ಕುಳಿತು ಪ್ರಯಾಣ ಮಾಡಿದ್ದು ಇದರ ಮುತ್ತಜ್ಜಿ ಇರಬೇಕು. ಇದು ಹುಟ್ಟಾ ಡೊಂಬಿವಲಿಯದು. ಪಕ್ಕದಲ್ಲಿ ಮರಾಠಿ ಹಾಡು ಗುನುಗುತ್ತ ಕುಳಿತಿದ್ದ ನಮ್ಮ ನಾಲ್ಕು ವರ್ಷದ ಮಗಳ ಹಾಗೆ. ಈ ಪಾಠವೊಂದನ್ನು ನಾನು ಶಾಂತಾಳಿಗೆ ಹೇಳಲಿಲ್ಲ.

ರೇಷನ್ ಕಾರ್ಡಿನ ಕಚೇರಿಗಿಂತ ಕೀಟಶಾಸ್ತ್ರ ಉದಾರಿ. ಯಾವ ಆಹಾರದಿಂದ ಹೊರಬಂತೆಂದು ಬರೆಯುವುದಕ್ಕೆ ಎರಡನೆಯ ಚೀಟಿಗೆ ಅವಕಾಶವಿದೆ. ಮೊದಲನೆಯದರ ಅಡಿಯಲ್ಲಿ, ಅದೇ ಸೂಜಿಗೆ, ಕನ್ನಡದಲ್ಲಿ ಬರೆದು ಚುಚ್ಚಿದೆ: 'ಗದಗ ಕಡೆಯ ಬಿಳಿಜೋಳದಿಂದ. ಹಸನು ಮಾಡಿದವರು ಪಾರವ್ವ.' ಹಸನು ಮಾಡಿದವರ ಹೆಸರು ಬರೆಯುವ ಪದ್ಧತಿ ಯಾವ ಶಾಸ್ತ್ರದಲ್ಲೂ ಇಲ್ಲ. ನಮ್ಮ ಪ್ರೊಫೆಸರು ಅದನ್ನು ಲ್ಯಾಟಿನ್ನಿನಷ್ಟೇ ಗೌರವದಿಂದ ಓದದೆ ಬಿಟ್ಟರು.

ಆ ಚಳಿಗಾಲ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಶಾಂತಾ ಮೊದಲ ಸಲ ಬಂದಳು. ಜನ ಚಿಟ್ಟೆಗಳ ಮುಂದೆ ಮುಗಿಬಿದ್ದಿದ್ದರು. ಅವಳು ಮೂಲೆಯ ಪೆಟ್ಟಿಗೆಯ ಹತ್ತಿರ ಹೋಗಿ ನಿಂತಳು. ನೇರ ನೋಡಿದರೆ ಮೇಲಿನ ಚೀಟಿಯೊಂದೇ ಕಾಣುತ್ತದೆ; ಅದು ಕೆಳಗಿನದನ್ನು ಮುಚ್ಚುತ್ತದೆ. ನಾನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಅವಳ ಕಡೆ ಓರೆ ಮಾಡಿ ಹಿಡಿದೆ. ಅವಳು ಗಾಜಿಗೆ ಮುಖ ಹತ್ತಿರ ತಂದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತಾಯಿಯ ಹೆಸರಿನ ಮೇಲೆ ಬಹಳ ಹೊತ್ತು ನಿಂತಳು.

"ಅಕ್ಷರ ಭಾಳ ಸಣ್ಣ ಆಗ್ಯಾವು," ಅಂದಳು.

"ಜಾಗ ಅಷ್ಟ ಇತ್ತು," ಅಂದೆ.