ಪೈಪು ತೆರೆದ ಮೇಲೆ

ಕಾಕಾ ಅವರ ಮೂಗು ಉದ್ದ, ತುದಿಯಲ್ಲಿ ಸ್ವಲ್ಪ ಬಲಕ್ಕೆ ವಾಲಿತ್ತು. ಸೇಫ್ಟಿ ಕನ್ನಡಕ ಕೂತು ಕೂತು ಮೂಗಿನ ಎರಡೂ ಬದಿಗೆ ಕೆಂಪು ಗುಳಿ ಬಿದ್ದಿದ್ದವು. ಚಹಾ ಬಂದರೆ ಮೊದಲು ಮೂಸುತ್ತಿದ್ದರು, ಹೊಳ್ಳೆಗಳು ಅರಳಿ ಮತ್ತೆ ಮುಚ್ಚುತ್ತಿದ್ದವು, ಆಮೇಲೆ ಕುಡಿಯುವುದೋ ಬಿಡುವುದೋ ತೀರ್ಮಾನ. ಅಂಗಡಿಯ ಜೋಳದ ಹಿಟ್ಟು, ಹೊಸ ಅಂಗಿ, ಆಫೀಸಿನಿಂದ ಬಂದ ಲಕೋಟೆ, ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ಲಕೋಟೆಯಲ್ಲಿ ಏನು ವಾಸನೆ ಬರುತ್ತದೆಂದು ಒಮ್ಮೆ ಕೇಳಿದ್ದೆ. "ಗೋಂದಿಂದು ಬರಬೇಕು. ಬ್ಯಾರೇದು ಬಂದ್ರ ಯಾರೋ ಮೊದಲ ತಗದ್ ನೋಡ್ಯಾರ ಅಂತ ತಿಳೀಬೇಕು" ಎಂದಿದ್ದರು.

ಕಾಕಾ ನನಗೆ ಸಂಬಂಧಿಕರಲ್ಲ. ಅವರು ಬಿಜಾಪುರದ ಕಡೆಯವರು, ನಾನು ಗದಗಿನವನು. ಪರದೇಶದಲ್ಲಿ ಇಷ್ಟು ಹತ್ತಿರದವರಾದರೆ ಕಾಕಾ ಆಗಲು ಬೇರೆ ಅರ್ಹತೆ ಬೇಡ. ಒಮಾನಿನ ಸೂರ್ ಊರಿನ ಹೊರಗೆ, ಸಮುದ್ರದ ದಂಡೆಯಲ್ಲಿ ನಮ್ಮ ಗ್ಯಾಸ್ ಸ್ಥಾವರವಿತ್ತು. ಮರುಭೂಮಿಯ ಒಳಗಿನಿಂದ ಪೈಪಿನಲ್ಲಿ ಬಂದ ಗ್ಯಾಸನ್ನು ಅಲ್ಲಿ ನೀರಾಗುವಷ್ಟು ತಣ್ಣಗೆ ಮಾಡಿ, ಹಡಗಿಗೆ ತುಂಬಿ, ದೂರದ ದೇಶಗಳಿಗೆ ಕಳಿಸುತ್ತಿದ್ದೆವು. ಹಡಗು ತುಂಬಿಸುವ ಜೆಟ್ಟಿಯ ಮೇಲೆ ಕಾಕಾ ಸೂಪರ್‌ವೈಸರ್, ನಾನು ಅವರ ಕೈಕೆಳಗೆ ಸೇರಿದ ಹೊಸ ಇಂಜಿನಿಯರ್.

ಮೊದಲ ದಿನವೇ ಪಾಠ ಶುರುವಾಯಿತು.

"ಮನ್ಯಾಗಿನ ಸಿಲಿಂಡರ್ ಲೀಕ್ ಆದ್ರ ಹೊಲಸು ನಾರತೈತಿ, ಹೌದಿಲ್ಲೋ? ಆ ನಾತ ಗ್ಯಾಸಿಂದಲ್ಲೋ ತಮ್ಮಾ. ಮಂದಿಗೆ ಗೊತ್ತಾಗ್ಲಿ ಅಂತ ಹಿಂದಾಗಡೆ ಹಾಕಿದ್ದು. ಇಲ್ಲಿರೋದಕ್ಕ ನಾತ ಇಲ್ಲ. ನಾರೋದಕ್ಕ ಅಂಜಬ್ಯಾಡ, ನಾರಲಾರದ್ದಕ್ಕ ಅಂಜು."

ಈ ಮಾತು ಗ್ಯಾಸಿಗೆ ಮಾತ್ರ ಸೀಮಿತವಲ್ಲ ಎಂದು ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಮ್ಯಾನೇಜರ್ ಬೈದರೆ ಕಾಕಾ ನಿಶ್ಚಿಂತರಾಗಿ ಇರುತ್ತಿದ್ದರು. ನಕ್ಕು ಹೆಗಲ ಮೇಲೆ ಕೈ ಹಾಕಿದರೆ ಆ ವಾರವಿಡೀ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಮೀಟರಿನ ಮುಳ್ಳು ಸ್ವಲ್ಪ ನಡುಗುತ್ತಿರಬೇಕು ಅವರಿಗೆ. ಅಲ್ಲಾಡದೆ ನಿಂತಿತೋ, ಬೆರಳ ಗೆಣ್ಣಿನಿಂದ ಗಾಜನ್ನು ಕುಟ್ಟಿ "ಇಷ್ಟು ಶಾಣ್ಯಾ ಆಗಿ ನಿಂತದ್ದು ಸತ್ತಿರತೈತಿ" ಎನ್ನುತ್ತಿದ್ದರು. ಒಂದೆರಡು ಸಲ ಮುಳ್ಳು ನಿಜಕ್ಕೂ ಸತ್ತಿತ್ತು. ಉಳಿದಷ್ಟೂ ಸಲ ಬದುಕಿತ್ತು, ಅದನ್ನು ಯಾರೂ ಹೇಳುವ ಹಾಗಿರಲಿಲ್ಲ.

ಅವರ ಸಂಗ ಮಾಡಿ ನನಗೂ ಆ ರೋಗ ಹತ್ತಿತು. ಒಂದು ದಿನ ಕಾಕಾ ಒಂದು ವಾಲ್ವ್ ಮುಚ್ಚಿ, ಸರಿಯಾಗಿದೆ ಎಂದು ಸಹಿ ಹಾಕಿ ಹೋದ ಮೇಲೆ, ನಾನು ಹಿಂದೆಯೇ ಹೋಗಿ ಅದನ್ನು ತಿರುಗಿಸಿ ನೋಡಿದೆ. ಭದ್ರವಾಗಿ ಮುಚ್ಚಿತ್ತು. ಹೊರಳಿದರೆ ಕಾಕಾ ನಿಂತಿದ್ದಾರೆ. "ನನ್ನ ಮ್ಯಾಲೇ ಸಂಶಯ?" ಎಂದರು.  ಹಾಗೇ ಹೊರಟುಹೋದರು. ಚಹಾದ ಹೊತ್ತಿಗೆ ಲೋಟ ಮೂಸುತ್ತ, ನನ್ನ ಕಡೆ ನೋಡದೆ, "ಶುಕ್ರವಾರ ಊಟಕ್ಕ ಬಾ. ನಿಮ್ಮ ಕಾಕೂ ರೊಟ್ಟಿ ಬಡೀತಾಳ" ಎಂದರು. ಹೀಗೆ ಪ್ರತಿ ಶುಕ್ರವಾರ ಅವರ ಮನೆಯಲ್ಲಿ ನನ್ನ ತಟ್ಟೆಯೊಂದು ಖಾಯಂ ಆಯಿತು.

ಅಂಥದೇ ಒಂದು ಶುಕ್ರವಾರ, ಎರಡು ಸಾವಿರದ ಆರನೆಯ ಇಸವಿಯ ಜನವರಿಯಲ್ಲಿ, ಊಟದ ಹೊತ್ತಿಗೆ ಟಿವಿಯಲ್ಲಿ ಗ್ಯಾಸಿನ ಸುದ್ದಿ ಬಂತು. ರಷ್ಯಾದ ಗ್ಯಾಸು ಉಕ್ರೇನ್ ದಾಟಿ ಯುರೋಪಿಗೆ ಹೋಗುವ ಪೈಪಿನ ಮೇಲೆ ಜಗಳವಾಗಿತ್ತು. ಕೆಲವು ದಿನ ಗ್ಯಾಸು ಕಡಿಮೆಯಾದದ್ದಕ್ಕೇ ದೊಡ್ಡ ದೊಡ್ಡ ದೇಶಗಳ ಮಂತ್ರಿಗಳ ಮುಖ ಬಿಳಚಿಕೊಂಡಿತ್ತು. ನಮ್ಮೂರಲ್ಲಿ ಓಣಿಗೊಂದೇ ನಳ ಇರುತ್ತಿತ್ತಲ್ಲ, ಹಾಗೆ ಅಷ್ಟೊಂದು ಶ್ರೀಮಂತರು ಒಬ್ಬರ ಪೈಪು ನಂಬಿ ಚಳಿಗಾಲ ಕಳೆಯುತ್ತಾರೆಂದು ನನಗೆ ಆವತ್ತೇ ತಿಳಿದದ್ದು.

"ಇಬ್ಬರೂ ಕೂಡೇ ಜಗಳಾ ಹಚ್ಯಾರ," ಎಂದರು ಕಾಕಾ. "ರೇಟ್ ಏರಸಾಕ."

"ನಿಮಗ ಸಂಜಿ ಮುಗಿಲು ಕೆಂಪಾದ್ರೂ ಸಂಶಯ," ಎಂದು ಕಾಕೂ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಜಗಳ ಮುಗಿದರೂ ಅಂಜಿಕೆ ಮುಗಿಯಲಿಲ್ಲ. ನಮ್ಮ ಗ್ಯಾಸಿನ ಬಹುಪಾಲು ಪೂರ್ವದ ಹಳೆಯ ಗಿರಾಕಿಗಳಿಗೆ ವರ್ಷಗಟ್ಟಲೆ ಕರಾರಿನ ಮೇಲೆ ಹೋಗುತ್ತಿತ್ತು. ಹೆಚ್ಚಾಗಿ ಉಳಿದ ಒಂದೊಂದು ಹಡಗಿಗೆ ಈಗ ಯುರೋಪಿನಿಂದ ಫೋನಿನ ಮೇಲೆ ಫೋನು, ಕೇಳಿದಷ್ಟು ಬೆಲೆ. ಮೇಲಿನ ಸಾಹೇಬರು ಹಿಗ್ಗಿದರು. ಕಾಕಾ ಮಾತ್ರ, "ಗಾಳಿ ಬಂದಾಗ ತೂರಿಕೊಳ್ಳಾಕತ್ತಾರ. ತೂರಿಕೊಳ್ಳಲಿ. ಗಾಳಿ ನಿಂತ ಮ್ಯಾಲೆ ಮೊರಾ ಹಿಡಕೊಂಡು ನಿಲ್ಲಬಾರದಷ್ಟ" ಎಂದರು.

ಅಂಥ ಒಂದು ಹಡಗಿನ ಜೊತೆ, ಕೊಳ್ಳುವವರ ಕಡೆಯಿಂದ ತುಂಬುವಿಕೆ ನೋಡಲು ಒಬ್ಬ ಇಂಜಿನಿಯರ್ ಬಂದ. ದಕ್ಷಿಣ ಯುರೋಪಿನವನು, ಕೆಂಪು ಮುಖ, ಮೆಲು ಮಾತು. ನಾನು ಕೆಲಸ ಮಾಡುವ ರೀತಿ ಅವನಿಗೆ ಹಿಡಿಸಿತು. ಅವರ ಬಂದರಿನಲ್ಲಿ ಹಡಗಿನ ಗ್ಯಾಸು ಇಳಿಸಿಕೊಳ್ಳುವ ಹೊಸ ಟರ್ಮಿನಲ್ ಏಳುತ್ತಿತ್ತು. ಇನ್ನು ಮುಂದೆ ತಾವು ಒಂದೇ ಪೈಪು ನಂಬುವುದಿಲ್ಲ, ಜಗತ್ತಿನ ಎಲ್ಲ ಕಡೆಯಿಂದ ತರಿಸುತ್ತೇವೆ, ನಿನ್ನಂಥವರು ಬೇಕು, ಬರುತ್ತೀಯಾ ಎಂದು ಕೇಳಿದ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸೂರಿನಲ್ಲಿ ನನ್ನ ಕರಾರು ವರ್ಷ ವರ್ಷ ಹೊಸದಾಗಬೇಕಿತ್ತು. ನಮ್ಮ ಕುರ್ಚಿಗಳಿಗೆ ಒಮಾನಿ ಹುಡುಗರು ತಯಾರಾಗುತ್ತಿದ್ದರು. ದೇಶ ಅವರದು, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ದಿನ ಯಾರೋ "ಖಲಾಸ್" ಎಂದರೆ ನಾನು ಗಂಟುಮೂಟೆ ಕಟ್ಟಬೇಕಿತ್ತು. ಈ ಬಾಗಿಲು ತೆರೆದರೆ ಜೀವನ ನೆಲೆಗೆ ನಿಂತ ಹಾಗೆ.

ಕಾಕಾ ಸುದ್ದಿ ಕೇಳಿ, "ಅವನ್ನ ಊಟಕ್ಕ ಕರಕೊಂಡ ಬಾ" ಎಂದರು. ಅವನನ್ನೂ ಮೂಸಿ ನೋಡುತ್ತಾರೆಂದು ನನಗೆ ಆಗಲೇ ಗೊತ್ತಾಯಿತು.

ಅವನು ಜೋಳದ ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿಕೊಂಡು ಚೆನ್ನಾಗಿಯೇ ಉಂಡ. ಕೆಂಪು ಚಟ್ನಿಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಕಾಕಾ ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿದರು: "ಪೈಪು ನಿಂತಾಗ ನೀವು ಏನು ಮಾಡಿದಿರಿ?"

"ಸಿಕ್ಕಲ್ಲೆಲ್ಲ ಕೊಂಡೆವು. ಬೆಲೆ ನೋಡಲಿಲ್ಲ."

"ಪೈಪು ತೆರೆದ ಮೇಲೆ?"

ಅವನು ಕಣ್ಣೊರೆಸಿಕೊಂಡು ನಕ್ಕ. "ಮತ್ತೆ ಪೈಪಿನಿಂದಲೇ ತಗೊಂಡೆವು. ಅದೇ ಅಲ್ಲವೆ ಅಗ್ಗ?"

ಕಾಕಾ ಅವನಿಗೆ ಮಜ್ಜಿಗೆ ಕೊಟ್ಟರು, ಬಾಗಿಲವರೆಗೆ ಹೋಗಿ ಕಳಿಸಿ ಬಂದರು. ಆಮೇಲೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡರು.

"ಮನಷ್ಯಾ ಚಲೋ ಅದಾನ. ಸುಳ್ಳ ಹೇಳಲಿಲ್ಲ. ಅವನ ಮ್ಯಾಲೆ ನನಗ ಸಂಶಯ ಇಲ್ಲ, ಅವನ ಚಳಿ ಮ್ಯಾಲೆ ಐತಿ. ಚಳಿ ಇರೋತನಾ ನೀ ಬೇಕು. ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗ್ಯಾಕ? ಪೈಪ್ ತೆರದು, ರೇಟ್ ಇಳದು, ಹಡಗ ಬರಲಾರದ ದಿನಾ ನೀ ಆ ಊರಾಗ ಏನ್ ಮಾಡ್ತಿ?"

ನನಗೆ ಸಿಟ್ಟು ಬಂತು. ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಮರುದಿನ ನನ್ನ ಗೆಳೆಯನ ಮುಂದೆ ಎಲ್ಲ ಕಾರಿಕೊಂಡೆ. ಅವನು ಉಡುಪಿಯ ಕೊಂಕಣಿ ಕ್ರಿಶ್ಚಿಯನ್, ನಮ್ಮ ಸ್ಥಾವರದಲ್ಲೇ ರಿಪೇರಿ ಕೆಲಸಗಳ ಯೋಜನೆ ಹಾಕುವವನು.

"ನೀನೆಂತ ಮಾರಾಯ, ಅಷ್ಟೂ ಗೊತ್ತಾಗುದಿಲ್ವಾ?" ಎಂದ. "ನೀನು ಹೋದ್ರೆ ಅವರಿಗೆ ಕಷ್ಟ. ಇಲ್ಲಿ ಅವರ ಹತ್ರ ಸರಿಯಾಗಿ ಮಾತಾಡುವವರು ಬೇರೆ ಯಾರಿದ್ದಾರೆ? ಹಾಗೆ ಹೇಳ್ಲಿಕ್ಕೆ ಆಗುದಿಲ್ಲ, ಅದಕ್ಕೆ ಪೈಪು ಗೀಪು ಅಂತ ಕಥೆ."

ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಸಂಶಯ ಕಲಿಸಿದವರ ಮೇಲೆಯೇ ಸಂಶಯ. ತಡೆಯಲಾರದೆ ಕೇಳಿಯೇಬಿಟ್ಟೆ: "ಕಾಕಾ, ನಾ ಹೋದ್ರ ನಿಮಗೇನರ ತ್ರಾಸ ಐತೇನ್ರಿ?"

"ನನಗ? ನನಗೇನ್ ತ್ರಾಸ?" ಎಂದು ಅವರು ತಟ್ಟನೆ ಎದ್ದುಬಿಟ್ಟರು. ಕೈಯಲ್ಲಿದ್ದ ಚಹಾ ಹಾಗೆಯೇ ಇಟ್ಟರು. ಅವರೇ ಕಲಿಸಿದ ಪ್ರಕಾರ, ಅಷ್ಟು ಬೇಗ ಬಂದ ಉತ್ತರವನ್ನು ನಂಬಬಾರದಿತ್ತು. ನಾನು ನಂಬಲೂ ಇಲ್ಲ. ಆದರೆ ಪೈಪಿನ ಪ್ರಶ್ನೆ ಬಿಡಲಿಲ್ಲ. ಸ್ನಾನ ಮಾಡುವಾಗ, ಗಡ್ಡ ಹೆರೆಯುವಾಗ, ಪೈಪು ತೆರೆದ ಮೇಲೆ ಏನು ಎಂಬುದೇ ಎದುರಿಗೆ ಬಂದು ನಿಲ್ಲುತ್ತಿತ್ತು. ನೌಕರಿಯ ಪತ್ರ ಬಂದಾಗ ಬರಲಾಗುವುದಿಲ್ಲವೆಂದು ಬರೆದು ಕಳಿಸಿದೆ. ನನ್ನ ಉಡುಪಿಯ ಗೆಳೆಯ ಅರ್ಜಿ ಹಾಕಿದ, ಹೋದ.

ಮುಂದಿನ ವರ್ಷಗಳಲ್ಲಿ ಅವನ ಫೋನು ಬಂದಾಗಲೆಲ್ಲ ಕಾಕಾ ಹೇಳಿದ್ದು ಸರಿಯೋ ತಪ್ಪೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಒಂದು ಚಳಿಗಾಲ ಅಲ್ಲಿ ಸರಿಯಾಗಿ ಚಳಿಯೇ ಬೀಳದೆ, ಹಡಗುಗಳು ಬರದೆ, ಸುಮ್ಮನೆ ಕೂತಿದ್ದೇವೆ, ಹೆದರಿಕೆಯಾಗುತ್ತದೆ ಎಂದ. ಒಳಗೊಳಗೇ ಖುಷಿಯಾಯಿತು. ಇನ್ನೊಂದು ಸಲ ಹೆಂಡತಿ ಮಕ್ಕಳನ್ನು ಕರೆಸಿಕೊಂಡೆ, ಮನೆ ಸಿಕ್ಕಿದೆ ಎಂದ. ಆವತ್ತು ಊಟ ಸೇರಲಿಲ್ಲ. ನನಗೂ ಮದುವೆಯಾಯಿತು, ಹೆಂಡತಿ ಸೂರಿಗೆ ಬಂದಳು. ಶುಕ್ರವಾರ ಇಬ್ಬರೂ ಕಾಕಾ ಮನೆಗೆ ಹೋಗುತ್ತಿದ್ದೆವು. ಅವರು ನನ್ನ ಹೆಂಡತಿ ಮಾಡಿಕೊಂಡು ಹೋದ ಪಾಯಸವನ್ನೂ ಮೂಸಿಯೇ ತಿಂದದ್ದು. ಯುರೋಪಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ ಅದೇ ಪೈಪು ಮತ್ತೆ ನಿಂತಿತು. ಈ ಸಲ ಮೊದಲಿನ ಹಾಗಲ್ಲ, ಪೂರ್ತಿ ಬಂದ್. ಹಿಮದ ನಡುವೆ ಊರೂರುಗಳ ಮನೆಗಳು ತಣ್ಣಗಾದವು, ಕಾರ್ಖಾನೆಗಳು ಬಾಗಿಲು ಹಾಕಿದವು. ಗೆಳೆಯ ಫೋನು ಮಾಡಿದ. "ಎಂತ ಹೇಳುದು ಮಾರಾಯ, ಒಂದು ಹಡಗು ಬಿಟ್ಟ ಕೂಡ್ಲೇ ಇನ್ನೊಂದು. ಊಟಕ್ಕೆ ಪುರುಸೊತ್ತಿಲ್ಲ. ನಮ್ಮನ್ನೀಗ ದೇವರ ಹಾಗೆ ನೋಡ್ತಾರೆ. ನೀನು ಬರ್ಬೇಕಿತ್ತು."

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ. ಅದೇ ವಾರ ಕಾಕಾ ಮಸ್ಕತ್ತಿನ ಆಸ್ಪತ್ರೆಯಲ್ಲಿದ್ದರು. ಎದೆನೋವಿಗೆ ಸೂರಿನ ಡಾಕ್ಟರು ಮೊದಲೇ ಅಲ್ಲಿಗೆ ಹೋಗಬೇಕೆಂದಿದ್ದರು. ದೊಡ್ಡ ಆಸ್ಪತ್ರೆಗೆ ಗಿರಾಕಿ ಬೇಕಾಗಿದೆ ಎಂದು ಕಾಕಾ ಸಂಶಯಪಟ್ಟು, ದಿನ ದೂಡಿ, ತೀರಾ ಆಗದಾದಾಗ ಹೋಗಿದ್ದರು. ಕಾಕೂ ಮಸ್ಕತ್ತಿನದೇ ಬಡಾವಣೆ ಅಲ್ ಅಜೈಬಾದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು ಓಡಾಡುತ್ತಿದ್ದರು. ನಾನು ಆ ಉರಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ನೋಡಲು ಹೋದೆ.

ಮಧ್ಯಾಹ್ನ. ಗೋಡೆಯ ಟಿವಿಯಲ್ಲಿ ಕಂಬಳಿ ಹೊದ್ದು ಕೂತ ಮುದುಕಿಯರನ್ನು ತೋರಿಸುತ್ತಿದ್ದರು.

"ಮತ್ತ ಮುಚ್ಚಿದ್ರಲ್ಲ," ಎಂದರು ಕಾಕಾ. ದನಿ ಬಹಳ ಇಳಿದಿತ್ತು.

"ಹೌದ್ರಿ. ನನ್ನ ಗೆಳೆಯಾಗ ಊಟಕ್ಕೂ ಪುರುಸೊತ್ತಿಲ್ಲಂತ." ಚುಚ್ಚಲೆಂದೇ ಹೇಳಿದೆ.

ಅವರು ಬಾಗಿಲ ಕಡೆ ನೋಡಿದರು. ಕಾಕೂ ಔಷಧ ತರಲು ಕೆಳಗೆ ಹೋಗಿದ್ದರು.

"ಪೈಪಿನ ಮಾತು ನಾ ಸುಳ್ಳ ಹೇಳಲಿಲ್ಲೋ ತಮ್ಮಾ. ಖರೇನ ಹೇಳೇನಿ. ಅವರು ಇವತ್ತೂ ಅದ ಪೈಪ್ ನಂಬೇ ಸಿಕ್ಕಾರ, ನೋಡು. ಆದ್ರ ಅದಕ್ಕಂತ ನಿನ್ನ ತಡೀಲಿಲ್ಲ."

ನಾನು ಟಿವಿಯ ದನಿ ತಗ್ಗಿಸಿ ಕುರ್ಚಿ ಹತ್ತಿರ ಎಳೆದುಕೊಂಡೆ.

"ನೀ ಅವತ್ತ ಕೇಳಿದ್ದಿ, ನಿಮಗ ತ್ರಾಸ ಐತೇನು ಅಂತ. ಇತ್ತು. ಬ್ಯಾರೆದವರು ಜೆಟ್ಟಿ ಮ್ಯಾಲೆ ಇದ್ರ ನನಗ ಮನ್ಯಾಗ ಕಣ್ಣ ಹತ್ತತಿರಲಿಲ್ಲ. ಏನ್ ಮರತಾರೋ, ಏನ್ ಮುಚ್ಚಲಿಲ್ಲೋ. ನಿನ್ನ ಪಾಳಿ ಇದ್ದಾಗಷ್ಟ ನಿದ್ದಿ. ಇಷ್ಟ ವರ್ಷದಾಗ ನಂಗ ನಿದ್ದಿ ಕೊಟ್ಟಾವ ನೀ ಒಬ್ಬನ. ಅದಕ್ಕ ಕಟ್ಟಿ ಹಾಕಿದೆ. ನೀ ಸಂಶಯಪಟ್ಟದ್ದು ಖರೇ ಇತ್ತು."

ಮೂರು ವರ್ಷ ನಾನು ಬೇಕೆಂದು ಕಾದ ಉತ್ತರ ಇದು. ಸಿಕ್ಕಾಗ ಗೆದ್ದೆನೆನ್ನಿಸಬೇಕಿತ್ತು. ನಾನು ಅವರ ಜಾರಿದ ಹೊದಿಕೆಯನ್ನು ಮೇಲೆಳೆದು ಸರಿಮಾಡಿದೆ. ನೌಕರಿಯಲ್ಲಿ ಹೊಗಳಿಕೆ ಪತ್ರಗಳು ಆಮೇಲೂ ಬಂದಿವೆ; ಆ ಮಾತಿನ ಮುಂದೆ ಅವು ಬರೀ ಕಾಗದ. ಒಂದು ದೇಶ, ಒಂದು ಸಂಬಳ, ಒಂದು ಮನೆ ಕಳೆದುಕೊಂಡದ್ದು ನಿಜ. ಆ ಮಧ್ಯಾಹ್ನದಿಂದ ನಾನು ಆ ಲೆಕ್ಕ ತೆಗೆಯುವುದು ಬಿಟ್ಟೆ.

"ನಿನಗ ಯಾವಾಗ ಡ್ಯೂಟಿ?" ಎಂದರು.

"ನಾಳಿಂದ ಹಗಲ ಪಾಳಿ ರೀ."

"ಹೋಗು ಹಂಗಾರ. ಇಲ್ಲಿ ಕುಂತೇನ್ ಮಾಡ್ತಿ."

ಮೂರನೆಯ ದಿನ ಊಟದ ಹೊತ್ತು ದಾಟಿದ ಮೇಲೆ ಜೆಟ್ಟಿಯ ಕಂಟ್ರೋಲ್ ರೂಮಿಗೆ ಫೋನು ಬಂತು. ಕಾಕೂ ಅಳುತ್ತಿರಲಿಲ್ಲ.

"ತಮ್ಮಾ, ಊಟಾ ಆದ ಮ್ಯಾಲೆ ನಿಮ್ಮ ಕಾಕಾ ಕೇಳಿದ್ರೋ, 'ಈಗ ಜೆಟ್ಟಿ ಮ್ಯಾಲೆ ಯಾರದಾರ?' ಅಂತ. 'ನಮ್ಮ ತಮ್ಮ ಅದಾನ್ರಿ' ಅಂದೆ. 'ಹಂಗಾರ ಚಲೋ ಆತು' ಅಂದು ಮಗ್ಗಲಾ ಹೊಳ್ಳಿ ಮಲಗಿದ್ರು. ಮತ್ತ ಏಳಲಿಲ್ಲ."

ಹಡಗು ಅರ್ಧ ತುಂಬಿತ್ತು. ಬದಲಿಯವನು ಬಂದು ಎಲ್ಲ ವಾಲ್ವುಗಳನ್ನು ಅವನ ಕೈಗೆ ಒಪ್ಪಿಸುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.