ಮೇಲಷ್ಟೇ ಬಿಳಿ ಗೂಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಮುನಿಗಂಗಪ್ಪನವರನ್ನು ಏಮಾರಿಸುವ ರೈತ ಇನ್ನೂ ಹುಟ್ಟಿರಲಿಲ್ಲ. ತಟ್ಟೆಯ ಮೇಲೆ ಬೆಳ್ಳಗಿನ ರೇಷ್ಮೆಗೂಡು ಹರಡಿ, ಕಲೆಬಿದ್ದದ್ದನ್ನು ಅಡಿಗೆ ತುರುಕಿದ್ದರೆ, ಇವರ ಕೈ ಮೊಣಕೈವರೆಗೂ ಇಳಿದು ತಳದಿಂದಲೇ ಒಂದು ಹಿಡಿ ಎತ್ತುತ್ತಿತ್ತು. ಆಮೇಲೆ ಕಣ್ಣಿಗೆ ಪೊರೆ ಬಂತು. ಕೈ ತಳ ಮುಟ್ಟುತ್ತಿತ್ತು. ಎತ್ತಿದ್ದು ಬಿಳಿಯೋ ಕಲೆಬಿದ್ದದ್ದೋ ತಿಳಿಯುತ್ತಿರಲಿಲ್ಲ. ಒಮ್ಮೆ ತಂದ ಗೂಡು ಬಿಸಿನೀರಿಗೆ ಬಿದ್ದದ್ದೇ ಎಳೆ ಪಟಪಟ ಕಡಿದುಹೋಯಿತು. ಹೀಗೇ ಆದರೆ ಕಸುಬು ಬಿಡಬೇಕಾಗಿತ್ತು.

ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರು ಸಂಘಮಿತ್ರ, ಸಕ್ಕರೆ ಹತೋಟಿಗೆ ಬಂದರೇನೇ ಆಪರೇಷನ್ ಎಂದರು. ಮುನಿಗಂಗಪ್ಪನವರು ಹೆದರಲಿಲ್ಲ. ಸಕ್ಕರೆ ಟೆಸ್ಟಿನಲ್ಲಿ ಅವರು ಹಳೇ ಕೈ. ಮೂರು ದಿನ ಮೊದಲಿನಿಂದ ಹಾಗಲಕಾಯಿ ರಸ, ಮೆಂತ್ಯದ ನೀರು, ವಾಕಿಂಗು, ಮರೆತಿದ್ದ ಮಾತ್ರೆ. ರಕ್ತ ಕೊಟ್ಟ ಮೇಲೆ ಸುಸ್ತಾಯಿತೆಂದು ಎರಡು ಬಾದುಷಾ.

ಈ ಸಲವೂ ಖಾಲಿ ಹೊಟ್ಟೆಯ ಸಕ್ಕರೆ ಮಗುವಿನಷ್ಟು ಸಾಧುವಾಗಿ ಬಂತು. ಆದರೆ ಡಾಕ್ಟರು ಜೊತೆಗೆ ಮೂರು ತಿಂಗಳ ಸರಾಸರಿ ಹೇಳುವ ಟೆಸ್ಟನ್ನೂ ಬರೆದಿದ್ದರು. ಏಳರ ಆಸುಪಾಸು ಇರಬೇಕಾದದ್ದು ಹತ್ತೂವರೆ ಇತ್ತು.

“ಮಿಷನ್ ಕೆಟ್ಟಿರಬೇಕು ಕಣಮ್ಮ. ಮೂರು ದಿನದಿಂದ ಮುದ್ದೆ ಕೂಡ ಮುಟ್ಟಿಲ್ಲ.”

ಡಾಕ್ಟರು ಹಿಪ್ಪುನೇರಳೆ ಬೆಳೆಯುವ ಮನೆಯ ಮಗಳು. ಅವರಪ್ಪನ ಗೂಡನ್ನೂ ಹಿಂದೊಮ್ಮೆ ಮುನಿಗಂಗಪ್ಪನವರ ಕೈ ತಳದಿಂದ ಎತ್ತಿ ತೋರಿಸಿತ್ತು.

“ಯಜಮಾನ್ರೇ, ಆ ಮೂರು ದಿನ ನೀವು ಮೇಲೆ ಹರಡಿದ ಬಿಳಿ ಗೂಡು. ಈ ಟೆಸ್ಟು ಅಡಿಗೆ ಕೈ ಹಾಕುತ್ತೆ.”

ರಕ್ತಕ್ಕೆ ಕೆಂಪು ಕೊಡುವ ಪ್ರೋಟೀನಿಗೆ ಸಕ್ಕರೆ ಅಂಟಿಕೊಂಡರೆ, ಆ ರಕ್ತಕಣ ಸಾಯುವ ತನಕ, ಅಂದರೆ ಮೂರ್ನಾಲ್ಕು ತಿಂಗಳು, ಬಿಡುವುದಿಲ್ಲವಂತೆ. ಅಪ್ಪಟ ರಕ್ತಸಂಬಂಧ, ಉಪವಾಸ ಕೆಡವಿದರೂ ಎದ್ದು ಹೋಗದ ನೆಂಟ.

“ಮೊದಲೇ ಹೇಳಬಾರದಾಗಿತ್ತಾ?”

“ಹೇಳಿದ್ರೆ ಏನ್ ಮಾಡ್ತಿದ್ರಿ?”

“ಮೂರು ತಿಂಗಳು ಮುಂಚೇನೇ ಶುರು ಮಾಡ್ತಿದ್ದೆ.”

“ಅದಕ್ಕೇ ಚಿಕಿತ್ಸೆ ಅನ್ನೋದು,” ಎಂದರು ಡಾಕ್ಟರು.

ಹೀಗಾಗಿ ಮುನಿಗಂಗಪ್ಪನವರು ಟೆಸ್ಟಿಗೆ ಮೋಸ ಮಾಡುವ ಏಕೈಕ ಉದ್ದೇಶದಿಂದ ಮೂರು ತಿಂಗಳು ದಿನಾ ನಡೆದರು, ಮಾತ್ರೆ ನುಂಗಿದರು, ಬಾದುಷಾ ಅಂಗಡಿಯ ಬೀದಿಯನ್ನೇ ಬಿಟ್ಟರು. ಮೋಸ ಎಷ್ಟು ಪಕ್ಕಾ ಆಯಿತೆಂದರೆ ಏಳೂಕಾಲು ಬಂತು. ಅಷ್ಟು ದಿನ ಗೂಡು ಕೊಳ್ಳಲು ಹೋದವರು ಹೆಂಡತಿ ಆಂಜಿನಮ್ಮ.

ಆಪರೇಷನ್ ಆಗಿ, ಡಾಕ್ಟರು ಹೊರಗೆ ಓಡಾಡಬಹುದು ಎಂದ ದಿನವೇ ಮುನಿಗಂಗಪ್ಪನವರು ಇಸ್ತ್ರಿ ಪಂಚೆ ಉಟ್ಟು ಹೆಂಡತಿಯ ಜೊತೆ ಮಾರುಕಟ್ಟೆಗೆ ಹೊರಟರು. ರೈತರು “ಆಂಜಿನಮ್ಮಕ್ಕ ಬಂದ್ರು” ಎಂದು ದಾರಿ ಬಿಟ್ಟರು. ಹಿಂದಿದ್ದ ಗಂಡನನ್ನು ಯಾರೂ ಮಾತಾಡಿಸಲಿಲ್ಲ. ಮುನಿಗಂಗಪ್ಪನವರು ಅಂಗಿಯ ತೋಳು ಮಡಿಸುತ್ತ ತಟ್ಟೆಯೊಂದರ ಕಡೆ ಬಾಗಿದರು.

“ಅದು ನಾನು ನೋಡಾಯ್ತು, ರೇಟೂ ಹಾಕಾಯ್ತು,” ಎಂದರು ಆಂಜಿನಮ್ಮ ತಿರುಗದೆ. “ಧೂಳು ಬೀಳುತ್ತೆ ಕಣ್ಣಿಗೆ. ಅಲ್ಲಿ ಹೋಗಿ ಕೂತ್ಕೊಳ್ಳಿ.”

ಅವರು ಹೋಗಿ ಕೂತರು. ಅಷ್ಟು ದೂರದಿಂದಲೂ ಯಾರ್ಯಾರು ನಗು ತಡೆದುಕೊಳ್ಳುತ್ತಿದ್ದಾರೆಂಬುದು ಈಗ ಚೆನ್ನಾಗಿ ಕಾಣುತ್ತಿತ್ತು.