ತಾತ್ಯಾರ ಜೈಲಿನ ಚೀಲ

ತಾತ್ಯಾರ ಮನೆಯ ಬಾಗಿಲ ಹಿಂದೆ, ಮೊಳೆಗೆ, ದಪ್ಪ ಬಟ್ಟೆಯ ಚೀಲವೊಂದು ಸದಾ ತಯಾರಾಗಿ ತೂಗುತ್ತಿತ್ತು. ಧೋತರ, ತಾಮ್ರದ ಲೋಟ, ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ. ಪೊಲೀಸರು ಬಂದಾಗ ಹುಡುಕಾಡಬಾರದೆಂದು ಕಟ್ಟಿಟ್ಟ ಚೀಲ ಅದು. ಪುಡಿ ಮುಗ್ಗುವ ಮೊದಲೇ ಅವರ ಹೆಂಡತಿ, ನಮ್ಮೆಲ್ಲರ ಕಾಕೂ, ಹೊಸದು ಕುಟ್ಟಿ ತುಂಬುತ್ತಿದ್ದರು. ಹಳೆಯದು ಗೋಡೆಯಾಚೆಯ ನಮ್ಮ ಮನೆಗೆ ಬರುತ್ತಿತ್ತು. ಸರಕಾರಿ ಗುಮಾಸ್ತನಾದ ನಾನು ವಿರೋಧ ಪಕ್ಷದ ಚಟ್ನಿಪುಡಿ ತಿಂದೇ ಪುಣೆಯಲ್ಲಿ ಸಂಸಾರ ಮಾಡಿದವನು.

ವಿಜಾಪುರದ ಕಡೆಯಿಂದ ಬಂದು ಬಿಬವೇವಾಡಿ ಬಡಾವಣೆಯಲ್ಲಿ ನೆಲೆಸಿದ್ದ ತಾತ್ಯಾ, ಮಾತಿಗೊಮ್ಮೆ ದೇಶ ಎನ್ನುವ ಪಕ್ಷದ ನಮ್ಮ ಭಾಗದ ಮುಖಂಡರು. ಚುನಾವಣೆಗೆ ನಿಂತಾಗಲೆಲ್ಲ ಸೋತರು. ಹೊರಗೆ ಮರಾಠಿಯಲ್ಲಿ ಗುಡುಗಿ ಬಂದು ಒಳಗೆ ಕನ್ನಡದಲ್ಲಿ ಚಹಾ ಕೇಳುತ್ತಿದ್ದರು. ಗೋಡೆಯ ಮೇಲಿನ ಭಾರತದ ನಕಾಶೆಗೆ ಕೈಮುಗಿಯದೆ ಊಟಕ್ಕೆ ಕೂಡುತ್ತಿರಲಿಲ್ಲ. ನನ್ನನ್ನು ಕಂಡರೆ ಒಂದೇ ಮಾತು: "ಏನ್ರೀ ಸರಕಾರ, ನಮ್ಮನ್ನ ಯಾವಾಗ ಹಿಡಸ್ತೀರಿ?"

ತುರ್ತು ಪರಿಸ್ಥಿತಿಯಲ್ಲಿ ಹಿಡಿದೇಬಿಟ್ಟರು. ಬೆಳಗಿನ ಚಹಾದ ಹೊತ್ತು, ಬಾಗಿಲಲ್ಲಿ ಹವಾಲ್ದಾರ. "ತಾತ್ಯಾ, ಚಲಾ," ನಡೆಯಿರಿ ಎಂದ, ಮುಖ ಎತ್ತದೆ. ಕಾಕೂ ಚೀಲ ತೆಗೆದು ಅವನ ಕೈಗೆ ಕೊಟ್ಟರು. ತಾತ್ಯಾರ ಮುಖದಲ್ಲೋ ಮದುಮಗನ ಕಳೆ. "ನೋಡ್ರಿ ಸರಕಾರ, ದಿಲ್ಲಿಗೂ ನಮ್ಮ ಹೆದರಿಕಿ ಅದ! ಸೋತ ಮನಷಾ ಲೆಕ್ಕಕ್ಕ ಅದಾನ ಅನ್ನೂದಕ್ಕ ಇದೊಂದಽ ಗುರತು."

ದಿಲ್ಲಿಯಲ್ಲಿ ಸರಕಾರ ಬದಲಾದ ಮೇಲೆ ಯರವಡಾ ಜೈಲಿನಿಂದ ಮೈ ಅರ್ಧವಾಗಿ ಮರಳಿದರು. ಕೊರಳ ಹಾರ ತೆಗೆಯುವ ಮೊದಲೇ ಚೀಲವನ್ನು ಮತ್ತೆ ಮೊಳೆಗೆ ಹಾಕಿದರು. "ಈಗ ನಿಮ್ಮವರದೇ ಸರಕಾರ, ಇನ್ಯಾಕ್ರೀ ಇದು?" ಎಂದೆ. "ಇರ್ಲಿ ಬಿಡ್ರಿ. ನಮ್ಮವರಾದ್ರೇನು, ಕುರ್ಚಿ ಮ್ಯಾಲೆ ಕೂತಾರಲ್ಲ," ಎಂದರು.

ಆ ಸರಕಾರವೂ ಬಿತ್ತು. ಎಂಬತ್ತರ ದಶಕದಲ್ಲೊಂದು ದಿನ ಬೆಲೆಯೇರಿಕೆಯ ವಿರುದ್ಧ ಮೆರವಣಿಗೆ. ಚೀಲ ಹೆಗಲಿಗೇರಿಸಿ ಹೋದ ತಾತ್ಯಾ ಮಧ್ಯಾಹ್ನವೇ ರಿಕ್ಷಾದಲ್ಲಿ ವಾಪಸಾದರು. ಉಳಿದವರನ್ನೆಲ್ಲ ವ್ಯಾನಿಗೆ ಹತ್ತಿಸಿದ ಅದೇ ಹವಾಲ್ದಾರ, ಇವರಿಗೆ ಮಾತ್ರ ವಯಸ್ಸಾಯಿತು, ಮನೆಗೆ ಹೋಗಿ ಎಂದನಂತೆ. ಅವನ ಮಟ್ಟಿಗೆ ಅದು ಮರ್ಯಾದೆಯೇ. "ನನ್ನೊಬ್ಬನ್ನ ಬಿಟ್ಟು ಹ್ವಾದ್ರು," ಎಂದರು ತಾತ್ಯಾ. ನನ್ನನ್ನು ಸರಕಾರ ಎನ್ನಲಿಲ್ಲ. ಆಮೇಲೆ ಹೊಸ್ತಿಲು ದಾಟಲೂ ಇಲ್ಲ. ಆ ಮಳೆಗಾಲದಲ್ಲೇ ಹೋಗಿಬಿಟ್ಟರು.

ಮುಖಂಡರು ಬಂದರು, ಪಕ್ಷದ ಧ್ವಜ ಹೊದಿಸಿದರು, ಭಾಷಣ ಮಾಡಿದರು. ನನಗೆ ಅಳು ಬರಲಿಲ್ಲ. ಕುರ್ಚಿ ಹಾಕಿದೆ, ಚಪ್ಪಲಿ ಸರಿಸಿದೆ, ಕೇಳಿದವರಿಗೆ ನೀರು ಕೊಟ್ಟೆ. ಕಾಕೂ ಗೋಡೆಗೆ ಒರಗಿ ಎತ್ತಲೋ ನೋಡುತ್ತ ಕೂತಿದ್ದರು.

ಶವಯಾತ್ರೆಯ ಬಂದೋಬಸ್ತಿಗೆ ಬಂದವನೂ ಅದೇ ಹವಾಲ್ದಾರ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ಎತ್ತುವ ಹೊತ್ತಾಯಿತೆಂದು ಮೆಲ್ಲಗೆ ಅಂದ: "ಚಲಾ."

ಕಾಕೂ ಎದ್ದರು. ಬಾಗಿಲ ಹಿಂದೆ ಹೋಗಿ ಚೀಲ ತೆಗೆದು ಅವನ ಕೈಗೆ ಕೊಟ್ಟರು. "ಪುಡಿ ಹೊಸಾದದ. ಮೊನ್ನೆ ಕುಟ್ಟೀನಿ," ಎಂದರು.

ಕನ್ನಡ ಬಾರದ ಆ ಹವಾಲ್ದಾರ ಎರಡೂ ಕೈಯಿಂದ ಚೀಲ ತಗೊಂಡ. ಹೆಗಲಿಗೆ ಹಾಕಿಕೊಂಡು ತಾತ್ಯಾರ ಮುಂದೆ ನಡೆದ. ಸ್ಮಶಾನ ಮುಟ್ಟುವವರೆಗೂ ಅದನ್ನು ಕೆಳಗಿಳಿಸಲಿಲ್ಲ.